ಬೋಯಿಕೇರಿ ಏರಿನಲ್ಲಿ ಇಂಜಿನ್ ಕಾದು ನಿಲ್ತಿದೆ, ಬೋರ್ ಕಿಟ್ ಹಾಕಿಸಲೇಬೇಕಾ?

ಕುಶಾಲನಗರ_150

ಎಲ್ಲರಿಗೂ ನಮಸ್ಕಾರ. ನನ್ನ ಬೈಕ್ 2014ರ ಮಾಡೆಲ್, 150 ಸಿಸಿ, ಏರ್ ಕೂಲ್ಡ್, ಕಾರ್ಬೋರೇಟರ್. ಮುಂದೆ ಡಿಸ್ಕ್, ಹಿಂದೆ ಡ್ರಮ್. 61,000 ಕಿ.ಮೀ. ಓಡಿದೆ. ದಿನಾ ಕುಶಾಲನಗರದಿಂದ ಮಡಿಕೇರಿಗೆ ಹೋಗಿ ಬರ್ತೀನಿ. ಸುಂಟಿಕೊಪ್ಪದವರೆಗೆ ಏನೂ ತೊಂದರೆ ಇಲ್ಲ. ಕೆದಕಲ್ ದಾಟಿ ಬೋಯಿಕೇರಿ ಏರು ಹತ್ತುವಾಗ ಪಿಕಪ್ ಬಿದ್ದು ಹೋಗುತ್ತೆ, ಆಕ್ಸಿಲೇಟರ್ ಜಾಸ್ತಿ ಕೊಟ್ಟರೆ ಹೆಡ್ (ಇಂಜಿನ್‌ನ ಮೇಲ್ಭಾಗ) ಕಡೆಯಿಂದ ಕಿಣಿಕಿಣಿ ಶಬ್ದ, ಸುಟ್ಟ ವಾಸನೆ. ಎರಡು ಸಲ ಪೂರ್ತಿ ನಿಂತಿದೆ. ಹದಿನೈದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತೆ. ಮೈಲೇಜ್ 48 ಇದ್ದಿದ್ದು 39ಕ್ಕೆ ಇಳಿದಿದೆ.

ಇಲ್ಲಿಯವರೆಗೆ ಮಾಡಿಸಿದ್ದು: ಇಂಜಿನ್ ಆಯಿಲ್ ಬದಲಾಯಿಸಿದ್ದು (ಮೊದಲು 10ಡಬ್ಲ್ಯೂ-30, ಈಗ ದಪ್ಪ ಇರಲಿ ಅಂತ 20ಡಬ್ಲ್ಯೂ-50), ಹೊಸ ಪ್ಲಗ್, ಹೊಸ ಏರ್ ಫಿಲ್ಟರ್. ಸರಿಹೋಗಲಿಲ್ಲ. ಈಗ ಗ್ಯಾರೇಜ್‌ನವರು ಬೋರ್ ಕಿಟ್ (ಹೊಸ ಸಿಲಿಂಡರ್ ಬ್ಲಾಕ್, ಪಿಸ್ಟನ್, ರಿಂಗ್) ಹಾಕಿ ಅಂತಿದ್ದಾರೆ. ಹೊಗೆ ಬರಲ್ಲ, ಆಯಿಲ್ ಕೂಡ ಕಮ್ಮಿ ಆಗಲ್ಲ. ಮೇಲೆ ಹೋದ ಹಾಗೆ ಗಾಳಿ ತೆಳುವಾಗಿ ಮಿಶ್ರಣ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗಿ ಹೀಟ್ ಆಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ? ಮನೆಯಲ್ಲೇ ಏನೇನು ಚೆಕ್ ಮಾಡಬಹುದು? ಸ್ಪ್ಯಾನರ್ ಸೆಟ್, ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಬ್ಲೇಡ್‌ಗಳು) ಇದೆ.

ಹಳೇ_ಸ್ಪ್ಯಾನರ್

ಹೊಗೆ ಇಲ್ಲ, ಆಯಿಲ್ ಕುಡಿಯಲ್ಲ ಅಂದರೆ ಬೋರ್ ಕಿಟ್ ಮಾತು ಸದ್ಯಕ್ಕೆ ಬದಿಗಿಡಿ. ಬ್ಲಾಕ್ ಬಿಚ್ಚೋದು ಕೊನೇ ಕೆಲಸ.

ಮೊದಲು ಒಂದು ವಿಷಯ ಖಚಿತ ಆಗಬೇಕು. ನಿಮ್ಮ ಗಾಡಿ ಕಾದು ನಿಲ್ತಿದೆಯಾ, ಇಲ್ಲ ನಿಲ್ಲೋದಕ್ಕೆ ಬೇರೆ ಕಾರಣ ಇದ್ದು ಇಂಜಿನ್ ಬಿಸಿ ಇರೋದು ಕಾಕತಾಳೀಯವಾ? ಏರಿನಲ್ಲಿ ನಿಂತು, ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಆಗೋ ಗಾಡಿಗೆ ಮೂರು ಕಾಯಿಲೆ ಇರಬಹುದು, ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಗಾಗಿ ಮುಂದಿನ ಸಲ ನಿಂತ ತಕ್ಷಣ, ತಣ್ಣಗಾಗೋಕೆ ಬಿಡದೆ, ಇಷ್ಟು ನೋಡಿ:

1. ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೀರಿ. 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡು, ಅರ್ಧ ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಪೆಟ್ರೋಲ್ ಕೆಳಗಿಳಿಯೋಕೆ ಮೇಲಿಂದ ಗಾಳಿ ಬರಬೇಕು. ರಂಧ್ರ ಕಟ್ಟಿದರೆ ಸಮತಟ್ಟಿನಲ್ಲಿ ಹೇಗೋ ನಡೆಯುತ್ತೆ, ಏರಿನಲ್ಲಿ ಜಾಸ್ತಿ ಪೆಟ್ರೋಲ್ ಬೇಕಾದಾಗ ಫ್ಲೋಟ್ ಚೇಂಬರ್ (ಕಾರ್ಬೋರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಡಬ್ಬಿ) ಖಾಲಿಯಾಗುತ್ತೆ. ಖಾಲಿಯಾಗೋ ಮುಂಚೆ ಮಿಶ್ರಣ ಲೀನ್ ಆಗಿ ಇಂಜಿನ್ ನಿಜವಾಗಿಯೂ ಕಾಯುತ್ತೆ.

2. ಜೇಬಿನಲ್ಲಿ ಹಳೇ ಪ್ಲಗ್ ಒಂದಿರಲಿ. ಹೆಡ್‌ನಲ್ಲಿರೋ ಪ್ಲಗ್ ಬಿಚ್ಚಬೇಡಿ. ಅದರ ಕ್ಯಾಪ್ ಮಾತ್ರ ಕಿತ್ತು ಹಳೇ ಪ್ಲಗ್‌ಗೆ ಹಾಕಿ, ಅದರ ಲೋಹದ ಭಾಗವನ್ನ ಇಂಜಿನ್‌ಗೆ ತಾಗಿಸಿ ಸೆಲ್ಫ್ ಕೊಡಿ. ಇದನ್ನ ಟ್ಯಾಂಕ್ ಮುಚ್ಚಿದ ಮೇಲೇ ಮಾಡಿ, ಕಿಡಿ ಮತ್ತು ಪೆಟ್ರೋಲ್ ಆವಿ ಒಟ್ಟಿಗೆ ಬೇಡ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದ ಮೇಲೆ ಇದೆ ಅಂದರೆ ಇಗ್ನಿಷನ್ ಕಾಯಿಲ್ ಅಥವಾ ಪಿಕಪ್ ಕಾಯಿಲ್ (ಕಿಡಿಯ ಸಮಯ ತಿಳಿಸೋ ಕಾಯಿಲ್) ಕೆಟ್ಟಿದೆ. ಬಿಸಿಯಾದಾಗ ಒಳಗಿನ ತಂತಿ ಸುತ್ತು ಬಿಟ್ಟುಕೊಳ್ಳುತ್ತೆ. ಇದಕ್ಕೂ ಬೋರ್‌ಗೂ ಸಂಬಂಧ ಇಲ್ಲ.

3. ಎರಡೂ ಸರಿ ಇದ್ದರೆ ಮಾತ್ರ ಅದು ಓವರ್‌ಹೀಟ್. ಕಿಕ್ಕರ್ ಇದ್ದರೆ ಮೆಲ್ಲಗೆ ಒತ್ತಿ ನೋಡಿ. ಎಂದಿಗಿಂತ ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ. ಪಿಸ್ಟನ್ ಹಿಗ್ಗಿ ಹಿಡಿದುಕೊಂಡಿರುತ್ತೆ, ಒದ್ದರೆ ಗೋಡೆ ಗೀರುತ್ತೆ, ಆಗ ಬೋರ್ ಕಿಟ್ ಬೇಕೇ ಬೇಕಾಗುತ್ತೆ.

ಅದೇ ಹೊತ್ತಿಗೆ ಹಿಂದಿನ ಬ್ರೇಕ್ ಡ್ರಮ್ ಮೇಲೆ ನಾಲ್ಕು ಹನಿ ನೀರು ಹಾಕಿ. ಬ್ರೇಕ್ ಮುಟ್ಟದೆ ಏರು ಹತ್ತಿ ಬಂದ ಗಾಡಿಯ ಡ್ರಮ್ ಉಗುರು ಬೆಚ್ಚಗೆ ಇರಬೇಕು. ನೀರು 'ಚುಂಯ್' ಅಂದರೆ ಬ್ರೇಕ್ ಹಿಡಿದುಕೊಂಡೇ ಓಡಿಸ್ತಿದ್ದೀರಿ. ಮೈಲೇಜ್ 9 ಕಿ.ಮೀ. ಬಿದ್ದಿದೆ ಅಂದಾಗ ನನಗೆ ಮೊದಲು ಹೊಳೆದದ್ದೇ ಇದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಸರಲ್ಲಿ ಓಡಿದ ಡ್ರಮ್ ಬ್ರೇಕ್‌ನ ಕ್ಯಾಮ್ (ಶೂಗಳನ್ನ ಅಗಲಿಸೋ ದಂಡ) ತುಕ್ಕು ಹಿಡಿದು ವಾಪಸ್ ತಿರುಗೋದೇ ಇಲ್ಲ.

ಗಾಳಿ ತೆಳುವಾಗಿ ಲೀನ್ ಆಗುತ್ತೆ ಅನ್ನೋದು ತಲೆಕೆಳಗಾದ ಮಾತು. ಕಾರ್ಬೋರೇಟರ್ ಜೆಟ್ (ಪೆಟ್ರೋಲ್ ಬಿಡೋ ಸಣ್ಣ ತೂತು) ಅಳತೆ ಬದಲಾಗಲ್ಲ, ಮೇಲೆ ಹೋದ ಹಾಗೆ ಗಾಳಿಯ ತೂಕ ಕಮ್ಮಿಯಾಗುತ್ತೆ, ಹಾಗಾಗಿ ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತೆ. ಮಡಿಕೇರಿ 1,100 ಮೀಟರ್‌ಗಿಂತ ಮೇಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಮ್ಮಿ. ಅದರಿಂದ ಪವರ್ ಸ್ವಲ್ಪ ಇಳಿಯುತ್ತೆ ಅಷ್ಟೇ. ಏರಿನಲ್ಲಿ ಲೀನ್ ಆಗ್ತಿದ್ದರೆ ಎಲ್ಲೋ ಗಾಳಿ ಕದ್ದು ನುಗ್ತಿದೆ ಅಥವಾ ಪೆಟ್ರೋಲ್ ಸಾಲ್ತಿಲ್ಲ.

ಸಂಪಾಜೆ_ಕಡೆಯವ

ಅಷ್ಟೆಲ್ಲ ಬಿಚ್ಚುವ ಮೊದಲು ಬಗ್ಗಿ ಇಂಜಿನ್ ಒಮ್ಮೆ ಸರಿಯಾಗಿ ನೋಡಿ ಮಾರ್ರೆ. ಏರ್ ಕೂಲ್ಡ್ ಅಂದ್ರೆ ಇಂಜಿನ್ ಸುತ್ತ ಇರುವ ತೆಳು ಪಟ್ಟಿಗಳು, ಆ ಫಿನ್‌ಗಳೇ ಅದರ ರೇಡಿಯೇಟರ್. ತೋಟದ ರಸ್ತೆಯ ಕೆಂಪು ಮಣ್ಣು ಆಯಿಲ್ ಜಿನುಗಿದ ಜಾಗಕ್ಕೆ ಅಂಟಿ, ಬಿಸಿಗೆ ಬೆಂದು ಇಟ್ಟಿಗೆಯ ಹಾಗೆ ಆಗಿರ್ತದೆ. ಎದುರಿನಿಂದ ಕ್ಲೀನ್ ಕಾಣ್ತದೆ, ಹೆಡ್‌ನ ಹಿಂಭಾಗದಲ್ಲಿ, ಕಾರ್ಬೋರೇಟರ್ ಕೆಳಗೆ ಎಲ್ಲ ತುಂಬಿ ಹೋಗಿರ್ತದೆ. ವಾಟರ್ ಸರ್ವಿಸ್‌ನವರು ಅಲ್ಲಿಗೆ ಪೈಪ್ ಹಿಡಿಯುವುದೇ ಇಲ್ಲ. ಕಡಜ ಫಿನ್ ಮಧ್ಯೆ ಮಣ್ಣಿನ ಗೂಡು ಕಟ್ಟುವುದೂ ಉಂಟು, ವಾರಗಟ್ಟಲೆ ನಿಲ್ಲಿಸಿದ ಗಾಡಿ ಆದ್ರೆ ಸೈಲೆನ್ಸರ್ ಬಾಯಿ ಮತ್ತೆ ಕಾರ್ಬೋರೇಟರ್‌ನ ಸಣ್ಣ ಪೈಪುಗಳಲ್ಲಿಯೂ ನೋಡಿ.

ತೊಳೆಯುವ ಕ್ರಮ: ಇಂಜಿನ್ ಪೂರ್ತಿ ತಣ್ಣಗೆ ಇರ್ಬೇಕು, ರಾತ್ರಿ ನಿಲ್ಲಿಸಿದ್ದನ್ನು ಬೆಳಿಗ್ಗೆ ಮಾಡುವುದು ಒಳ್ಳೆಯದು. ಅರ್ಧ ಲೀಟರ್ ಡೀಸೆಲ್ ಸಾಕು. ಹಳೇ ಟೂತ್ ಬ್ರಷ್‌ನಿಂದ ಫಿನ್ ಮಧ್ಯೆ ಹಚ್ಚಿ ಇಪ್ಪತ್ತು ನಿಮಿಷ ಬಿಡಿ, ಬಿದಿರಿನ ಕಡ್ಡಿ ಹಾಕಿ ಕೆರೆದು ತೆಗೆಯಿರಿ. ಸ್ಕ್ರೂ ಡ್ರೈವರ್ ಹಾಕ್ಬೇಡಿ, ಅಲ್ಯೂಮಿನಿಯಂ ಫಿನ್ ಟಕ್ ಅಂತ ಮುರೀತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು, ಕೊನೆಗೆ ಬರೀ ನೀರು. ಡೀಸೆಲ್ ಪಸೆ ಉಳಿದ್ರೆ ಮರುದಿನವೇ ಮತ್ತೆ ಧೂಳು ಹಿಡೀತದೆ. ಬ್ರೇಕ್ ಡಿಸ್ಕ್ ಮೇಲೆ ಡೀಸೆಲ್ ಬೀಳದ ಹಾಗೆ ಪ್ಲಾಸ್ಟಿಕ್ ಕಟ್ಟಿ.

ಮಳೆಗಾಲದಲ್ಲಿ ಕಾಲಿಗೆ ಕೆಸರು ಹಾರುವುದಿಲ್ಲ ಅಂತ ಲೆಗ್ ಗಾರ್ಡ್‌ಗೆ ಟಾರ್ಪಾಲ್ ಕಟ್ಟುವುದು, ಮಳೆ ಮುಗಿದರೂ ಹಾಗೆಯೇ ಬಿಡುವುದು ನಮ್ಮಲ್ಲಿ ಭಾರೀ ಉಂಟು. ಅದು ಇದ್ರೆ ಬಿಚ್ಚಿ. ಮತ್ತೆ ಏರಿನಲ್ಲಿ ನಿಂತಾಗ ಬಾಟಲಿ ನೀರು ಇಂಜಿನ್ ಮೇಲೆ ಸುರಿಯುವ ಕೆಲಸ ಮಾತ್ರ ಬೇಡ. ಒಂದು ಕಡೆ ಮಾತ್ರ ತಟ್ಟನೆ ತಣಿದ್ರೆ ಹೆಡ್ ಸೊಟ್ಟ ಆಗ್ತದೆ, ಬಿರುಕು ಬಿಟ್ರೂ ಬಿಡ್ತದೆ.

ಕುಶಾಲನಗರ_150

ಅಣ್ಣಂದಿರೇ, ಭಾನುವಾರ ನೋಡಿದೆ. ಟ್ಯಾಂಕ್ ಮುಚ್ಚಳ ತೆಗೆದರೂ ವ್ಯತ್ಯಾಸ ಇಲ್ಲ. ನಿಂತಾಗ ಕಿಡಿ ಚೆನ್ನಾಗಿದೆ, ನೀಲಿ ಬಣ್ಣ. ಹೆಡ್ ಹಿಂದೆ ಮಣ್ಣು ಇತ್ತು, ತೆಗೆದೆ. ಡ್ರಮ್ ಮೇಲೆ ನೀರು ಹಾಕಿದರೆ ಚುಂಯ್ ಅಂತು! ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತೆ. ಪ್ಲಗ್ ಬಿಚ್ಚಿದೆ. ಹಾಕಿ 400 ಕಿ.ಮೀ. ಆಗಿದೆ, ಬಿಳಿ ಸುಣ್ಣದ ಥರ ಇದೆ.

ಹಳೇ_ಸ್ಪ್ಯಾನರ್

ಎರಡು ಕಳ್ಳರು ಸಿಕ್ಕಿದರು. ಬ್ರೇಕ್ ಇಂಜಿನ್ ಮೇಲೆ ಭಾರ ಹಾಕ್ತಿದೆ, ಬಿಳಿ ಪ್ಲಗ್ ಲೀನ್ ಅಂತ ಹೇಳ್ತಿದೆ. ಮೊದಲು ಬ್ರೇಕ್.

ಬರೀ ಅಡ್ಜಸ್ಟರ್ ನಟ್ ಸಡಿಲ ಮಾಡಿ ಬಿಡಬೇಡಿ. ಒಂದು ವಾರ ಸರಿ ಇದ್ದು ಮತ್ತೆ ಹಿಡಿಯುತ್ತೆ. ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಪ್ಲೇಟ್ ಹೊರಗೆ ತೆಗೀರಿ. ಒಳಗಿನ ಪುಡಿಯನ್ನ ಬಾಯಲ್ಲಿ ಊದಬೇಡಿ, ಏರ್ ಹೊಡೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಎಸೆಯಿರಿ. ಶೂ ಎರಡನ್ನೂ ಸ್ಪ್ರಿಂಗ್ ಸಮೇತ ಪುಸ್ತಕ ಮಡಚಿದ ಹಾಗೆ ಮಡಚಿದರೆ ಕಳಚಿಕೊಳ್ಳುತ್ತೆ. ಬ್ರೇಕ್ ಆರ್ಮ್ ಮತ್ತು ಕ್ಯಾಮ್ ದಂಡದ ಮೇಲೆ ಒಂದು ಗೀಟು ಹಾಕಿಕೊಳ್ಳಿ, ವಾಪಸ್ ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ಕೆಲಸ ಕೆಡುತ್ತೆ. ಆರ್ಮ್ ತೆಗೆದು ಕ್ಯಾಮ್ ಹೊರಗೆಳೆಯಿರಿ. ಬರದಿದ್ದರೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾಯಿರಿ. ದಂಡ, ತೂತು ಎರಡನ್ನೂ ಸಣ್ಣ ಎಮೆರಿ ಪೇಪರ್‌ನಲ್ಲಿ ಉಜ್ಜಿ, ಬೆರಳಲ್ಲೇ ಸಲೀಸಾಗಿ ತಿರುಗೋ ತನಕ. ಬಿಸಿ ತಡೆಯೋ ಗ್ರೀಸ್ ದಂಡಕ್ಕೆ ತೆಳುವಾಗಿ, ಕ್ಯಾಮ್‌ನ ಮುಖಕ್ಕೆ ಅಕ್ಕಿ ಕಾಳಿನಷ್ಟು. ಜಾಸ್ತಿ ಹಾಕಿದರೆ ಕರಗಿ ಶೂ ಮೇಲೆ ಹೋಗಿ ಬ್ರೇಕೇ ಇರಲ್ಲ. ಶೂ ಲೈನಿಂಗ್ 2 ಮಿ.ಮೀ. ಹತ್ತಿರ ಬಂದಿದ್ದರೆ ಈಗಲೇ ಹೊಸದು ಹಾಕಿ, ಸ್ಪ್ರಿಂಗ್ ಕೂಡ. ಜೋಡಿಸಿದ ಮೇಲೆ ಪೆಡಲ್ ತುದಿಯಲ್ಲಿ 20ರಿಂದ 30 ಮಿ.ಮೀ. ಫ್ರೀ ಪ್ಲೇ, ಕೈಯಿಂದ ತಿರುಗಿಸಿದರೆ ಚಕ್ರ ಎರಡು ಮೂರು ಸುತ್ತು ಹೋಗಬೇಕು.

ಅದೇ ಹೊತ್ತಿಗೆ ಚೇನ್ ನೋಡಿ. ಮಧ್ಯದಲ್ಲಿ 20ರಿಂದ 30 ಮಿ.ಮೀ. ಆಟ ಬೇಕು. ಶಬ್ದ ಬರಬಾರದು ಅಂತ ತಂತಿ ಥರ ಬಿಗಿ ಮಾಡೋದು ಇನ್ನೊಂದು ಚಟ.

ಈಗ ಲೀನ್. ಗಾಡಿ ಬೆಚ್ಚಗಾದ ಮೇಲೆ ನ್ಯೂಟ್ರಲ್‌ನಲ್ಲಿ ಆಕ್ಸಿಲೇಟರ್ ಒಮ್ಮೆ ತಿರುಚಿ ಬಿಡಿ. ಆರ್‌ಪಿಎಂ ತಟ್ಟನೆ ಇಳೀದೆ ಮೇಲೇ ತೂಗಾಡಿ ನಿಧಾನ ಇಳಿದರೆ ಕಾರ್ಬೋರೇಟರ್ ಮತ್ತು ಹೆಡ್ ಮಧ್ಯದ ರಬ್ಬರ್ ಮ್ಯಾನಿಫೋಲ್ಡ್ ಮೇಲೆ ಅನುಮಾನ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ, ಐಡಲ್‌ನಲ್ಲಿ ಆ ರಬ್ಬರ್ ಸುತ್ತ, ಅದರ ಎರಡೂ ಕೊನೆಗೆ, ಹೆಡ್ ಕಡೆಯ ಓ ರಿಂಗ್ ಜಾಗಕ್ಕೆ ಸ್ವಲ್ಪ ಸ್ವಲ್ಪ ಹೊಡೆಯಿರಿ. ಯಾವ ಜಾಗಕ್ಕೆ ಹೊಡೆದಾಗ ಇಂಜಿನ್ ಸದ್ದು ಬದಲಾಗುತ್ತೋ ಅಲ್ಲೇ ಬಿರುಕು. ಕೆಲವರು ಪೆಟ್ರೋಲ್ ಹೊಡೆದು ನೋಡ್ತಾರೆ, ಕೆಳಗೇ ಕೆಂಪಗೆ ಕಾದ ಸೈಲೆನ್ಸರ್ ಇರುತ್ತೆ, ಅದು ಬೇಡ. ಹನ್ನೊಂದು ವರ್ಷದ ರಬ್ಬರ್ ಮೇಲಿಂದ ಚೆನ್ನಾಗಿ ಕಂಡು ಅಡಿಭಾಗದಲ್ಲಿ ಸೀಳಿರುತ್ತೆ. ಬಿಚ್ಚಿ ಬಗ್ಗಿಸಿ ನೋಡಿದರೆ ಗೊತ್ತಾಗುತ್ತೆ. ಎಂ-ಸೀಲ್, ಟ್ಯೂಬ್ ಪಂಕ್ಚರ್ ಸಲ್ಯೂಷನ್ ಯಾವುದೂ ಪೆಟ್ರೋಲ್ ಮುಂದೆ ನಿಲ್ಲಲ್ಲ. ರಬ್ಬರ್, ಓ ರಿಂಗ್ ಎರಡೂ ಹೊಸದು.

ಇನ್ನೊಂದು ವಿಷಯ ಸೇರಿಸ್ತೀನಿ. ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಒಂದು ಕೆ.ಜಿ. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಅಂದರೆ ಅದೇ ಜೆಟ್, ಅದೇ ಗಾಳಿ ಇದ್ದರೂ ಹಳೇ ಕಾರ್ಬೋರೇಟರ್ ಗಾಡಿ ತುಸು ಲೀನ್ ಕಡೆ ವಾಲುತ್ತೆ. 2020ರ ಏಪ್ರಿಲ್ ನಂತರದ ಬಹುತೇಕ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ತಾನೇ ಸರಿಮಾಡಿಕೊಳ್ಳುತ್ತೆ, ನಿಮ್ಮದರಲ್ಲಿ ಆ ಬುದ್ಧಿ ಇಲ್ಲ. ಇದೊಂದರಿಂದಲೇ ಇಂಜಿನ್ ಕಾದು ನಿಲ್ಲಲ್ಲ. ಆದರೆ ಅಂಚಿನಲ್ಲಿರೋ ಗಾಡಿಯನ್ನ ತಳ್ಳುತ್ತೆ. ಎಥನಾಲ್ ನೀರನ್ನೂ ಹೀರುತ್ತೆ, ನಮ್ಮ ಮಳೆಗಾಲದ ಹವೆಗೆ ಕೇಳಬೇಕೇ. ಫ್ಲೋಟ್ ಚೇಂಬರ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ನಿಂತರೆ ಟ್ಯಾಂಕ್ ಕೂಡ ಖಾಲಿ ಮಾಡಬೇಕು.

ಕಾರ್ಬೋರೇಟರ್ ಬಿಚ್ಚಿದಾಗ ಜೆಟ್‌ಗೆ ಸೇಫ್ಟಿ ಪಿನ್ ಚುಚ್ಚಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತೆ. ಕ್ಲೀನರ್ ಸ್ಪ್ರೇ, ಗಾಳಿ, ಹೆಚ್ಚೆಂದರೆ ಮೀನು ಹಿಡಿಯೋ ನೈಲಾನ್ ದಾರ.

ಟ್ಯಾಪೆಟ್_ಶಬ್ದ

ಮೇಲಿನವರು ಹೇಳಿದ್ದೆಲ್ಲ ಸರಿ, ಎರಡು ಬಿಟ್ಟುಹೋಗಿದೆ.

ಆಯಿಲ್. 10ಡಬ್ಲ್ಯೂ-30 ಅಂತ ಬರೆದಿರೋ ಇಂಜಿನ್‌ಗೆ 20ಡಬ್ಲ್ಯೂ-50 ಹಾಕಿದರೆ ತಂಪಾಗುತ್ತೆ ಅನ್ನೋದು ಗ್ಯಾರೇಜ್ ನಂಬಿಕೆ. ಮಡಿಕೇರಿ ಚಳಿಯಲ್ಲಿ ಬೆಳಿಗ್ಗೆ ಅದು ಹೆಡ್‌ಗೆ ಏರೋದೇ ತಡ, ಪಂಪ್ ಮೇಲೂ ಭಾರ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರೋ ಗ್ರೇಡೇ ಹಾಕಿ, ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕ್ ಕ್ಲಚ್‌ಗೆ ಹೊಂದೋ ಆಯಿಲ್‌ನ ಗುರುತು) ಅಂತ ಇರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು, ಆಗ ಏರಿನಲ್ಲಿ ಆರ್‌ಪಿಎಂ ಏರುತ್ತೆ, ಗಾಡಿ ಏರಲ್ಲ, ಸುಟ್ಟ ವಾಸನೆ ಬರುತ್ತೆ. ನಿಮ್ಮ ವಾಸನೆ ಕ್ಲಚ್‌ದಾ ಬ್ರೇಕ್‌ದಾ ಅಂತ ಬ್ರೇಕ್ ಸರಿ ಮಾಡಿದ ಮೇಲೆ ಮೂಸಿ ನೋಡಿ. ಅಳತೆ: ಮೂರು ನಿಮಿಷ ಐಡಲ್ ಬಿಟ್ಟು, ಆಫ್ ಮಾಡಿ ಮೂರು ನಿಮಿಷ ಕಾದು, ಗಾಡಿ ನೆಟ್ಟಗೆ ನಿಲ್ಲಿಸಿ. ಡಿಪ್‌ಸ್ಟಿಕ್ ತಿರುಗಿಸಿ ನೋಡಬೇಕಾ, ಬರೀ ಇಳಿಸಿ ನೋಡಬೇಕಾ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕ ನೋಡಿ. ಮೇಲಿನ ಗೀಟು ದಾಟಿಸಬೇಡಿ. ಜಾಸ್ತಿ ಆಯಿಲ್ ನೊರೆಯಾಗಿ ಅದೂ ಬಿಸಿ ಏರಿಸುತ್ತೆ.

ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನ ಒತ್ತೋ ರಾಕರ್ ಮಧ್ಯದ ಸಂದಿ (ಕ್ಲಿಯರೆನ್ಸ್). ಸದ್ದು ಮಾಡೋ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್ ಅಪಾಯ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನ ಸೀಟಿಗೆ ಕೂತಿರುವಾಗ ಹೆಡ್‌ಗೆ ಕೊಡುತ್ತೆ. ಕ್ಲಿಯರೆನ್ಸ್ ಸಾಲದಿದ್ದರೆ ಕಾದಾಗ ಪೂರ್ತಿ ಕೂರಲ್ಲ, ಸಂದಿಯಿಂದ ಬೆಂಕಿ ಸೋರಿ ವಾಲ್ವ್ ಅಂಚೇ ಸುಡುತ್ತೆ. ಬಿಸಿ, ಪಿಕಪ್ ಇಲ್ಲ, ಮೈಲೇಜ್ ಇಲ್ಲ, ಎಲ್ಲ ಒಟ್ಟಿಗೆ ಬರುತ್ತೆ.

ಇಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ ಬಿಚ್ಚಿ, ಎರಡು ಟ್ಯಾಪೆಟ್ ಮುಚ್ಚಳ, ಇಂಜಿನ್ ಪಕ್ಕದ ಮ್ಯಾಗ್ನೆಟ್ ಕವರ್‌ನ ಎರಡು ಮುಚ್ಚಳ ತೆಗೀರಿ. ಮ್ಯಾಗ್ನೆಟ್ ನಟ್ಟನ್ನ ಇಂಜಿನ್ ತಿರುಗೋ ದಿಕ್ಕಿಗೇ ತಿರುಗಿಸಿ 'ಟಿ' ಗುರುತನ್ನ (ಪಿಸ್ಟನ್ ಮೇಲ್ತುದಿಯಲ್ಲಿದೆ ಅಂತ ತೋರಿಸೋದು) ಕಿಂಡಿಯ ಗೀಟಿಗೆ ತನ್ನಿ. ಈಗ ಎರಡೂ ರಾಕರ್ ಬೆರಳಿಗೆ ಅಲ್ಲಾಡಬೇಕು. ಒಂದು ಬಿಗಿ ಇದ್ದರೆ ಅದು ತಪ್ಪು ಸ್ಟ್ರೋಕ್, ಇನ್ನೊಂದು ಪೂರ್ತಿ ಸುತ್ತು ಹಾಕಿ. ಬಹಳ ಜನ ತಪ್ಪೋದು ಇಲ್ಲೇ. ಅಳತೆ ನಿಮ್ಮ ಪುಸ್ತಕದ್ದೇ ಕೊನೇ ಮಾತು. ಈ ವರ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿ ಇನ್ಲೆಟ್ 0.05ರಿಂದ 0.08, ಎಕ್ಸಾಸ್ಟ್ 0.10ರಿಂದ 0.12 ಮಿ.ಮೀ. ಫೀಲರ್ ಬ್ಲೇಡ್ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ಹಿಡಿದುಕೊಂಡು ಬರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೆ ತಿರುಗುತ್ತೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಬೋರ್ ಕಿಟ್ ಬೇಕಾ ಬೇಡವಾ ಅನ್ನೋದಕ್ಕೂ ಪರೀಕ್ಷೆ ಇದೆ. ಟ್ಯಾಪೆಟ್ ಸೆಟ್ ಆದ ಮೇಲೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲೇಟರ್ ಪೂರ್ತಿ ತೆರೆದು ಸೆಲ್ಫ್ ಕೊಟ್ಟು ಅಂಕಿ ಬರೆದುಕೊಳ್ಳಿ. ಪ್ಲಗ್ ತೂತಿಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಜಿಗಿದರೆ ರಿಂಗ್ ಸವೆದಿದೆ. ಮೊದಲ ಅಂಕಿಯೇ ಕಮ್ಮಿ ಇದ್ದು ಆಯಿಲ್ ಬಿಟ್ಟರೂ ಏಳದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್, ಆಗ ಬೋರ್ ಕಿಟ್ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಮಂಜಿನ_ಮಡಿಕೇರಿ

ಮಧ್ಯೆ ಬಾಯಿ ಹಾಕ್ತಿದ್ದೀನಿ. ನನ್ನದು ಲಿಕ್ವಿಡ್ ಕೂಲ್ಡ್. ಓಡ್ತಿದ್ದರೆ ಸರಿ, ದಸರಾ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಲೈಟ್ ಬಂತು. ಕೂಲೆಂಟ್ ಅಳತೆ ಸರಿ ಇದೆ.

ಟ್ಯಾಪೆಟ್_ಶಬ್ದ

ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಹತ್ತರಲ್ಲಿ ಎಂಟು ಸಲ ಫ್ಯಾನ್. ಮೊದಲು ಫ್ಯಾನ್ ಫ್ಯೂಸ್ ನೋಡಿ. ಆಮೇಲೆ ಫ್ಯಾನ್ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗದಿದ್ದರೆ ಮೋಟರ್ ಹೋಗಿದೆ. ತಿರುಗಿದರೆ ರಿಲೇ, ಸೆನ್ಸರ್, ವೈರ್ ಈ ಮೂರರಲ್ಲಿ ಒಂದು. ನಮ್ಮಲ್ಲಿ ಕನೆಕ್ಟರ್ ಪಿನ್ ಹಸಿರು ಕಿಲುಬು ಹಿಡಿಯೋದೇ ಹೆಚ್ಚು. ರೇಡಿಯೇಟರ್ ಮುಚ್ಚಳವನ್ನ ಬಿಸಿಯಲ್ಲಿ ತೆಗೆಯಲೇಬೇಡಿ, ಒತ್ತಡದಲ್ಲಿರೋ ಕೂಲೆಂಟ್ ಮುಖಕ್ಕೆ ಹಾರುತ್ತೆ. ರಿಸರ್ವ್ ಡಬ್ಬಿಯ ಅಳತೆ ಸರಿ ಇದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತಲ್ಲ, ತಣ್ಣಗಾದ ಮೇಲೆ ಮುಚ್ಚಳ ತೆಗೆದು ಒಳಗೆ ನೋಡಿ. ಸೇರಿಸೋದಾದರೆ ರೆಡಿ ಮಿಕ್ಸ್ ಕೂಲೆಂಟ್, ಇಲ್ಲ ಕಾನ್ಸಂಟ್ರೇಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಬಾವಿ ನೀರು ಬೇಡ.

ಕುಶಾಲನಗರ_150

ಮಾಡಿದೆ. ಲೆಕ್ಕ ಹೀಗಿದೆ. ಬ್ರೇಕ್ ಕ್ಯಾಮ್ ಕಲ್ಲಿನ ಹಾಗೆ ಹಿಡಿದಿತ್ತು, ಉಜ್ಜಿ ಗ್ರೀಸ್ ಹಾಕಿದೆ, ಈಗ ಚಕ್ರ ಮೂರು ಸುತ್ತು ತಿರುಗುತ್ತೆ. ಮ್ಯಾನಿಫೋಲ್ಡ್ ರಬ್ಬರ್ ಅಡಿಯಲ್ಲಿ ಎರಡು ಸೆಂ.ಮೀ. ಸೀಳು, ಸೋಪಿನ ನೀರು ಬಿದ್ದ ತಕ್ಷಣ ಇಂಜಿನ್ ಕೆಮ್ಮಿತು. ಹೊಸ ರಬ್ಬರ್, ಓ ರಿಂಗ್ ಹಾಕಿದೆ. ಎಕ್ಸಾಸ್ಟ್ ಟ್ಯಾಪೆಟ್‌ಗೆ 0.05 ಬ್ಲೇಡ್ ಕೂಡ ಹೋಗ್ತಿರಲಿಲ್ಲ, ಪುಸ್ತಕದಲ್ಲಿ 0.10 ಇತ್ತು, ಅಷ್ಟಕ್ಕೇ ಸೆಟ್ ಮಾಡಿದೆ. ಆಯಿಲ್ ಮತ್ತೆ 10ಡಬ್ಲ್ಯೂ-30. ಕಂಪ್ರೆಷನ್ ಅಂಕಿ ಪುಸ್ತಕದ ಮಿತಿಯೊಳಗಿದೆ, ಆಯಿಲ್ ಬಿಟ್ಟಾಗಲೂ ಹೆಚ್ಚುಕಮ್ಮಿ ಅಷ್ಟೇ.

ಮಡಿಕೇರಿಗೆ ನಾಲ್ಕು ಸಲ ಹೋಗಿ ಬಂದೆ, ನಿಂತಿಲ್ಲ, ವಾಸನೆ ಇಲ್ಲ. ಆದರೆ ನಾಲ್ಕನೇ ಗೇರ್‌ನಲ್ಲಿ ಏರು ಹತ್ತಿದರೆ ಕಿಣಿಕಿಣಿ ಇನ್ನೂ ಸ್ವಲ್ಪ ಇದೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಬೇಕಾ?

ಹಳೇ_ಸ್ಪ್ಯಾನರ್

ಆ ಸ್ಕ್ರೂ ಐಡಲ್ ಮತ್ತು ಸ್ವಲ್ಪ ಆಕ್ಸಿಲೇಟರ್ ಇರುವಾಗ ಮಾತ್ರ ಕೆಲಸ ಮಾಡೋದು. ಏರಿನಲ್ಲಿ ಪೂರ್ತಿ ತಿರುಚಿದಾಗ ಮಾತಾಡೋದು ನೀಡಲ್ ಮತ್ತು ಮೇನ್ ಜೆಟ್. ಆದರೂ ಸೆಟ್ ಮಾಡೋದಿದ್ದರೆ ಇಂಜಿನ್ ಬಿಸಿ ಇರಲಿ. ಮೊದಲು ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಎಷ್ಟು ಸುತ್ತು ಇತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಬಿಗಿಯಾಗಿ ಒತ್ತಿದರೆ ಮೊನೆ ಮುರಿದು ಕಾರ್ಬೋರೇಟರೇ ಹೋಗುತ್ತೆ. ಎರಡು ಸುತ್ತು ಹೊರಗಿಟ್ಟು, ಕಾಲು ಸುತ್ತಿನ ಹಾಗೆ ಆಚೀಚೆ ಮಾಡಿ ಆರ್‌ಪಿಎಂ ಅತಿ ಹೆಚ್ಚು ಬರೋ ಜಾಗ ಹುಡುಕಿ, ಆಮೇಲೆ ಐಡಲ್ ಸ್ಕ್ರೂನಿಂದ ಪುಸ್ತಕದ ಆರ್‌ಪಿಎಂಗೆ ಇಳಿಸಿ. ಸ್ಕ್ರೂ ಇಂಜಿನ್ ಕಡೆ ಇದ್ದರೆ ಹೊರಗೆ ಬಿಚ್ಚಿದಷ್ಟೂ ರಿಚ್. ಏರ್ ಫಿಲ್ಟರ್ ಕಡೆ ಇದ್ದರೆ ಅದೇ ಉಲ್ಟಾ.

ನಿಮ್ಮ ಕಿಣಿಕಿಣಿಗೆ ಮೊದಲ ಔಷಧಿ ಗೇರ್. ನಾಲ್ಕರಲ್ಲಿ 35-40 ಕಿ.ಮೀ. ವೇಗಕ್ಕೆ ಬಿದ್ದಿರುವಾಗ ಆಕ್ಸಿಲೇಟರ್ ತಿರುಚಿದರೆ ನಾಕ್ (ಮಿಶ್ರಣ ಸರಿಯಾಗಿ ಉರಿಯದೆ ಸಿಡಿಯೋ ಸದ್ದು) ಹೊಡೆಯೋದೇ. ಮೂರಕ್ಕೆ ಹಾಕಿ 4,500-5,500 ಆರ್‌ಪಿಎಂನಲ್ಲಿ ಹತ್ತಿ. ಹಾಗೂ ಉಳಿದರೆ ಪ್ಲಗ್ ನಂಬರ್ ಪುಸ್ತಕದ್ದೇನಾ ನೋಡಿ, ಅಂಗಡಿಯವರು ಬೇರೆ ಹೀಟ್ ರೇಂಜ್‌ನದ್ದು (ಬಿಸಿ ಬಿಟ್ಟುಕೊಡೋ ಪ್ರಮಾಣ ಬೇರೆ ಇರೋದು) ಕೊಟ್ಟಿರಬಹುದು. ಗ್ಯಾಪ್ 0.7ರಿಂದ 0.8 ಮಿ.ಮೀ. ಹೊಸ ಪ್ಲಗ್ ಆದರೆ ಕೈಯಲ್ಲಿ ಬಿಗಿ ಆದ ಮೇಲೆ ಅರ್ಧ ಸುತ್ತು, ಹಳೇದನ್ನೇ ಹಾಕ್ತಿದ್ದರೆ ಎಂಟನೇ ಒಂದು ಸುತ್ತು ಸಾಕು. ಸಡಿಲ ಇದ್ದರೆ ಪ್ಲಗ್‌ನ ಬಿಸಿ ಹೆಡ್‌ಗೆ ಹೋಗಲ್ಲ, ಅದೇ ಕೆಂಡವಾಗಿ ಕಿಡಿಗೆ ಮುಂಚೆ ಬೆಂಕಿ ಹಚ್ಚುತ್ತೆ.

500 ಕಿ.ಮೀ. ಓಡಿಸಿ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಾಫಿ ಬಣ್ಣ ಇದ್ದರೆ ಬಿಟ್ಟುಬಿಡಿ. ಇನ್ನೂ ಬಿಳಿ ಇದ್ದರೆ ಮೇನ್ ಜೆಟ್ ನಂಬರ್ ಓದಿ ಇಲ್ಲಿ ಹಾಕಿ, ಒಂದು ಸೈಜ್ ಮೇಲಿಂದು ನೋಡೋಣ. ಟ್ಯಾಪೆಟ್ ಕೂಡ ಆವಾಗಲೇ ಮತ್ತೊಮ್ಮೆ ಅಳೆಯಿರಿ. ಇಷ್ಟು ಬೇಗ ಎಕ್ಸಾಸ್ಟ್ ಮತ್ತೆ 0.05ಕ್ಕೆ ಬಂದಿದ್ದರೆ ವಾಲ್ವ್ ಸೀಟಿಗೆ ಇಳೀತಿದೆ, ಹೆಡ್ ಬಿಚ್ಚಬೇಕಾಗುತ್ತೆ.

ಸಂಪಾಜೆ_ಕಡೆಯವ

ಹಿಂದಿನ ಚಕ್ರದ ಆಕ್ಸಲ್ ನಟ್ ಟಾರ್ಕ್ ಮಾಡಿದ್ದೀರಾ ಮಾರ್ರೆ, ಬ್ರೇಕ್ ಪ್ಲೇಟಿನ ಸ್ಟೇ ರಾಡ್‌ಗೆ ಸ್ಪ್ಲಿಟ್ ಪಿನ್ ಹಾಕಿದ್ದೀರಾ? ಅದನ್ನು ಒಮ್ಮೆ ನೋಡಿಯೇ ನಾಳೆ ಹೊರಡಿ.